ಬೇಸ್‌ಬಾಲ್ ಸ್ಕೌಟ್: ಬಳಕೆಯ ಕೈಪಿಡಿ (ಚಿತ್ರಗಳಿಲ್ಲದ ಆವೃತ್ತಿ)

ಬೇಸ್‌ಬಾಲ್ ಸ್ಕೌಟ್ ವೃತ್ತಿಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಕೆಲಸ ಶುರು ಮಾಡುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೂ ಇದೇ ಕೆಲಸ ಬೇಕು ಅನ್ನಿಸಿದರೆ ಮನೆಯವರಿಗೂ ಒಮ್ಮೆ ಓದಿಸಿ. ಫೆಬ್ರವರಿಯಿಂದ ಬೇಸಿಗೆ ಕಳೆಯುವವರೆಗೆ ನೀವು ಮನೆಯಲ್ಲಿ ಇರುವುದಿಲ್ಲ. ಆ ಸಂಗತಿ ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.

ಕೆಲಸ ಇಷ್ಟೇ. ಅಮೆರಿಕದ ಯಾವುದೋ ಊರಿನ ಹೈಸ್ಕೂಲ್ ಮೈದಾನದಲ್ಲಿ ಹದಿನೇಳರ ಹುಡುಗನೊಬ್ಬ ಚೆಂಡು ಎಸೆಯುತ್ತಿರುತ್ತಾನೆ. ಗಡ್ಡ ಕೂಡ ನೆಟ್ಟಗೆ ಬಂದಿರುವುದಿಲ್ಲ. ಇಪ್ಪತ್ತೈದು ತುಂಬಿದಾಗ, ಮೇಜರ್ ಲೀಗ್‌ನ ತುಂಬಿದ ಮೈದಾನದಲ್ಲಿ, ಅವನು ಹೇಗೆ ಎಸೆದಾನು ಎಂದು ನೀವು ಇವತ್ತು ಸಂಜೆಯೊಳಗೆ ಬರೆದುಕೊಡಬೇಕು. ಬರೆದದ್ದರ ಕೆಳಗೆ ನಿಮ್ಮ ಹೆಸರು ಇರುತ್ತದೆ. ವರ್ಷವರ್ಷ ತಂಡಗಳು ಆರಿಸಿಕೊಳ್ಳುವ ಹುಡುಗರಲ್ಲಿ ಬಹುಪಾಲು ಮಂದಿ ಮೇಜರ್ ಲೀಗ್‌ನ ಹೊಸಿಲನ್ನೇ ತುಳಿಯುವುದಿಲ್ಲ. ಅಂದರೆ ಈ ಉಪಕರಣ ತಪ್ಪು ತೋರಿಸುವುದೇ ಅದರ ಸಹಜ ಸ್ಥಿತಿ. ಅದಕ್ಕಾಗಿ ರಿಪೇರಿಗೆ ಕಳಿಸಬೇಡಿ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಒಂದು ಸ್ಟಾಪ್‌ವಾಚ್, ಒಂದು ರಾಡಾರ್ ಗನ್, ಜೇಬಿಗೆ ಹಿಡಿಸುವ ನೋಟ್‌ಬುಕ್, ಎರಡು ಪೆನ್ನು (ಮಾರ್ಚ್ ತಿಂಗಳ ಒಹಾಯೊ ಚಳಿಗೆ ಒಂದು ಕೈಕೊಡುತ್ತದೆ), ಮಡಚುವ ಕುರ್ಚಿ, ಟೋಪಿ, ಸೂರ್ಯಕಾಂತಿ ಬೀಜದ ಪೊಟ್ಟಣ. ಕಾರು ಗಟ್ಟಿಮುಟ್ಟಾಗಿರಲಿ. ಒಬ್ಬ ಏರಿಯಾ ಸ್ಕೌಟ್‌ಗೆ ಕೆಲವೊಮ್ಮೆ ಮೂರ್ನಾಲ್ಕು ರಾಜ್ಯಗಳನ್ನೇ ವಹಿಸಿರುತ್ತಾರೆ. ವರ್ಷಕ್ಕೆ ಹತ್ತಾರು ಸಾವಿರ ಮೈಲಿ ಓಡಾಟ. ಇಷ್ಟು ದೂರ ಹೋಗಿ ನೋಡುವುದು ಕೆಲವೊಮ್ಮೆ ಮಳೆಗೆ ರದ್ದಾದ ಪಂದ್ಯವನ್ನು. ಹೊರಡುವ ಮುಂಚೆ ಕೋಚ್‌ಗೆ ಫೋನ್ ಮಾಡಿ. ಮಾಡಿದರೂ ಅವರು ಇಲ್ಲಿ ಬಿಸಿಲಿದೆ ಅಂತಲೇ ಹೇಳುತ್ತಾರೆ, ಅವರಿಗೆ ನೀವು ಬರಬೇಕಷ್ಟೆ.

ಸ್ಟಾಪ್‌ವಾಚ್ ಬಳಸುವ ಕ್ರಮ: ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೆ ಒತ್ತಿ, ಬ್ಯಾಟರ್‌ನ ಕಾಲು ಮೊದಲ ಬೇಸ್ ಮುಟ್ಟಿದಾಗ ಮತ್ತೆ ಒತ್ತಿ. ನಡುವಿನ ದೂರ 90 ಅಡಿ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಬಂದರೆ ಮೇಜರ್ ಲೀಗ್‌ನ ಸಾಧಾರಣ ಓಟ. ಎಡಗೈಯವನು ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ ನಿಂತಿರುವುದರಿಂದ ಅವನಿಗೆ 4.2. ಕ್ಯಾಚರ್ ಆದರೆ ಚೆಂಡು ಅವನ ಗ್ಲೌಸಿಗೆ ಬಡಿದಾಗಿನಿಂದ ಎರಡನೇ ಬೇಸ್‌ನವನ ಗ್ಲೌಸ್ ಸೇರುವವರೆಗೆ ಎಣಿಸಿ, ಎರಡು ಸೆಕೆಂಡಿನ ಆಸುಪಾಸು ಬರಬೇಕು. ಈ ಕ್ರಮದಲ್ಲಿ ಒಂದು ತ್ಯಾಗವಿದೆ. ಕಣ್ಣು ಕಾಲಿನ ಮೇಲಿರಬೇಕಾದ್ದರಿಂದ ಚೆಂಡು ಎಲ್ಲಿಗೆ ಹೋಯಿತು ಎಂದು ನೋಡುವ ಹಾಗಿಲ್ಲ. ಇಡೀ ಮೈದಾನ ಎದ್ದು ನಿಂತು ಕೂಗುತ್ತಿರುವಾಗ ನೀವೊಬ್ಬರು ತಲೆ ತಗ್ಗಿಸಿ ಗಡಿಯಾರ ನೋಡುತ್ತಿರುತ್ತೀರಿ.

ರಾಡಾರ್ ಗನ್ ಈಚಿನದು. 1970ರ ದಶಕದಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್ವೈಲರ್, ಪೊಲೀಸರು ಕಾರುಗಳ ವೇಗ ಹಿಡಿಯುವ ಯಂತ್ರವನ್ನು ಚೆಂಡಿಗೂ ಹಿಡಿದು ನೋಡಿದರು, ಕೆಲಸ ಮಾಡಿತು. ಅದಕ್ಕೂ ಮುಂಚೆ ಪಡಿಪಾಟಲು ಬೇರೆಯೇ ಇತ್ತು. 1940ರಲ್ಲಿ ಬಾಬ್ ಫೆಲರ್ ಎಂಬ ಪಿಚರ್‌ನ ವೇಗ ಅಳೆಯಲು ಷಿಕಾಗೊದ ಲಿಂಕನ್ ಪಾರ್ಕ್‌ನಲ್ಲಿ ಒಬ್ಬ ಪೊಲೀಸನನ್ನು ಮೋಟಾರ್‌ಸೈಕಲ್ ಮೇಲೆ ಓಡಿಸಿ, ಅದು ಪಕ್ಕದಲ್ಲಿ ಹಾದುಹೋಗುತ್ತಿರುವಾಗಲೇ ಚೆಂಡು ಎಸೆಯಿಸಿದರು. ಫೆಲರ್ ಪ್ಯಾಂಟು, ಅಂಗಿ, ಸಾದಾ ಬೂಟಿನಲ್ಲಿದ್ದ. ಚೆಂಡು ಗೆದ್ದಿತು.

ಗನ್ ಕೈಗೆ ಬಂದ ಮೇಲೆ ಒಂದು ವಿಚಿತ್ರ ಶುರುವಾಗಿದೆ. ಪಿಚರ್ ಕಾಲೆತ್ತಿದ ಕೂಡಲೇ ಹೋಮ್ ಪ್ಲೇಟ್ ಹಿಂದೆ ಕೂತ ಅಷ್ಟೂ ಜನ ಸ್ಕೌಟ್‌ಗಳ ಕೈ ಒಟ್ಟಿಗೆ ಮೇಲೇಳುತ್ತದೆ, ಚೆಂಡು ಗ್ಲೌಸಿಗೆ ಬಿದ್ದ ಕೂಡಲೇ ಒಟ್ಟಿಗೆ ಇಳಿಯುತ್ತದೆ, ಎಲ್ಲರೂ ಬಗ್ಗಿ ಅದೇ ಒಂದು ಅಂಕಿಯನ್ನು ಬರೆದುಕೊಳ್ಳುತ್ತಾರೆ. ಹುಡುಗನಿಗೆ ಇದೆಲ್ಲ ಕಾಣುತ್ತದೆ. ಮುಂದಿನ ಚೆಂಡನ್ನು ಅವನು ಬ್ಯಾಟರ್‌ಗೆ ಎಸೆಯುವುದಿಲ್ಲ, ಗನ್‌ಗಳಿಗೆ ಎಸೆಯುತ್ತಾನೆ. ಹಿಂದಿನ ಸಾಲಿನಲ್ಲಿ ಅವನ ಅಪ್ಪ ನಿಮ್ಮ ಭುಜದ ಮೇಲಿಂದ ಇಣುಕಿ, 91 ಮೈಲಿ ಅಂತ ಕಂಡರೆ ಫೋನ್ ತೆಗೆಯುತ್ತಾರೆ. ಇಣುಕಬೇಡಿ ಅಂತ ಹೇಳುವುದು ಒಳ್ಳೆಯ ಮರ್ಯಾದೆಯಲ್ಲ. ಅಂಗೈಯಿಂದ ಪರದೆ ಮುಚ್ಚಿಕೊಳ್ಳಿ.

ಅಳವಡಿಕೆ

ಹೋಮ್ ಪ್ಲೇಟ್‌ನ ಹಿಂದೆ ಕುಳಿತರೆ ಚೆಂಡಿನ ತಿರುವು ಕಾಣುತ್ತದೆ. ಪಕ್ಕಕ್ಕೆ ಸರಿದರೆ ಹುಡುಗನ ಮುಖ ಕಾಣುತ್ತದೆ. ಎರಡೂ ಬೇಕು. ಪಂದ್ಯಕ್ಕೆ ಒಂದು ಗಂಟೆ ಮುಂಚೆ ಹೋಗಿ, ಅಭ್ಯಾಸದಲ್ಲಿ ಸಿಗುವ ಮಾಹಿತಿ ಪಂದ್ಯದಲ್ಲಿ ಸಿಗದು. ಹೈಸ್ಕೂಲ್ ಪಂದ್ಯದಲ್ಲಿ ನಿಮ್ಮ ಹುಡುಗನ ಕಡೆಗೆ ಒಂದೂ ಚೆಂಡು ಬರದೇ ಇರಬಹುದು. ಅವನ ಕೊನೆಯ ಬ್ಯಾಟಿಂಗ್ ಮುಗಿದ ತಕ್ಷಣ ಹೊರಡಿ, ಸಂಜೆ ಪಂದ್ಯ ಇನ್ನೊಂದು ಊರಿನಲ್ಲಿದೆ. ಯಾರು ಗೆದ್ದರು ಅಂತ ಮನೆಯಲ್ಲಿ ಕೇಳಿದರೆ ಉತ್ತರ ಇರುವುದಿಲ್ಲ. ಬೇಸ್‌ಬಾಲ್‌ನಿಂದಲೇ ಹೊಟ್ಟೆ ಹೊರೆಯುವವರಲ್ಲಿ ಸ್ಕೋರ್ ಬಗ್ಗೆ ತಲೆಕೆಡಿಸಿಕೊಳ್ಳದವರು ನೀವೊಬ್ಬರೇ ಇರಬೇಕು.

ಇನ್ನೊಂದು ಪಂಥದ ವಿಧಾನ ಬೇರೆ. ಷಿಕಾಗೊ ಕಬ್ಸ್ ಮತ್ತು ಫಿಲಡೆಲ್ಫಿಯ ಫಿಲೀಸ್ ತಂಡಗಳಿಗೆ ದುಡಿದ ಟೋನಿ ಲ್ಯೂಕಡೆಲೊ ಎಲ್ಲರ ಜೊತೆ ಕೂರುತ್ತಲೇ ಇರಲಿಲ್ಲ. ಮರದ ಮರೆ, ಬೇಲಿಯ ಮೂಲೆ, ಗ್ಯಾಲರಿಯ ಕೆಳಗಿನ ಸಂದಿ, ಹೀಗೆ ಜಾಗ ಬದಲಿಸುತ್ತ ನೋಡುತ್ತಿದ್ದರು. ಸ್ಕೌಟ್ ಯಾರನ್ನು ನೋಡುತ್ತಿದ್ದಾನೆ ಎನ್ನುವುದೇ ಉಳಿದ ಸ್ಕೌಟ್‌ಗಳಿಗೆ ದೊಡ್ಡ ಸುಳಿವು, ಅದನ್ನು ಬಿಟ್ಟುಕೊಡಬಾರದು. ಜೊತೆಗೆ ಗ್ಯಾಲರಿ ಕೆಳಗೆ ಜನರ ಜೇಬಿನಿಂದ ಬಿದ್ದ ಚಿಲ್ಲರೆಯೂ ಸಿಗುತ್ತಿತ್ತು. 1971ರಲ್ಲಿ ಅವರ ಮಾತಿನ ಮೇಲೆ ಫಿಲೀಸ್ ಹೊಸ ಆಟಗಾರರ ಆಯ್ಕೆಯ (ಡ್ರಾಫ್ಟ್) ಎರಡನೇ ಸುತ್ತಿನಲ್ಲಿ ಒಹಾಯೊದ ಒಬ್ಬ ಶಾರ್ಟ್‌ಸ್ಟಾಪ್‌ನನ್ನು (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆರಿಸಿಕೊಂಡಿತು. ಆ ಹುಡುಗ, ಮೈಕ್ ಶ್ಮಿಟ್, ಆಮೇಲೆ 548 ಹೋಮ್ ರನ್ ಹೊಡೆದ.

ಅಂಕ ಹಾಕುವ ವಿಧಾನ

ಐದು ವಿಷಯಗಳಿವೆ: ಬ್ಯಾಟಿಗೆ ಚೆಂಡು ಸಿಗಿಸುವುದು, ಬಲವಾಗಿ ಹೊಡೆಯುವುದು, ಓಟ, ಫೀಲ್ಡಿಂಗ್, ಎಸೆತ. ಪಿಚರ್ ಆದರೆ ಒಂದೊಂದು ಬಗೆಯ ಎಸೆತಕ್ಕೂ ಬೇರೆ ಅಂಕ. ಅಂಕಗಳು 20ರಿಂದ 80ರವರೆಗೆ. ಈ ಪದ್ಧತಿಯ ಕೀರ್ತಿಯನ್ನು ಸಾಮಾನ್ಯವಾಗಿ ಬ್ರೂಕ್ಲಿನ್ ಡಾಜರ್ಸ್ ತಂಡವನ್ನು ನಡೆಸಿದ ಬ್ರಾಂಚ್ ರಿಕಿಗೆ ಕೊಡುತ್ತಾರೆ. 20ಕ್ಕಿಂತ ಕಡಿಮೆ ಇಲ್ಲ, 80ಕ್ಕಿಂತ ಹೆಚ್ಚಿಲ್ಲ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯಲ್ಲಿ 35 ಬಂದರೆ ಪಾಸು, ಅಪ್ಪ ಪೇಡ ಹಂಚಬಹುದಿತ್ತು. ಇಲ್ಲಿ 50 ಬಂದವನು ಮೇಜರ್ ಲೀಗ್‌ನ ಸರಾಸರಿ ಆಟಗಾರ, ಅಂದರೆ ಜಗತ್ತಿನ ಕೆಲವೇ ನೂರು ಜನರಲ್ಲಿ ಒಬ್ಬ. ಹೈಸ್ಕೂಲ್ ಹುಡುಗನಿಗೆ ಧಾರಾಳವಾಗಿ 50 ಕೊಟ್ಟುಬಿಡುವ ಹೊಸಬರಿಗೆ ಇದೇ ಅರ್ಥವಾಗುವುದಿಲ್ಲ.

ಪ್ರತಿ ವಿಷಯಕ್ಕೂ ಎರಡು ಕಾಲಂ. ಒಂದು ಇವತ್ತಿನದು, ಇನ್ನೊಂದು ಮುಂದಿನದು. ಇವತ್ತಿನ ಕಾಲಂ ಯಾರು ಬೇಕಾದರೂ ತುಂಬಬಹುದು, ಗಡಿಯಾರ ಮತ್ತು ಗನ್ ಇದ್ದರೆ ಸಾಕು. ನಿಮಗೆ ಸಂಬಳ ಕೊಡುವುದು ಎರಡನೆಯದಕ್ಕೆ. ಇವತ್ತು 30, ಮುಂದೆ 60 ಎಂದು ಬರೆಯಲು ಏನು ಆಧಾರ? ಹುಡುಗನ ಮಣಿಕಟ್ಟು ನೋಡಿ, ಭುಜದ ಅಗಲ ನೋಡಿ, ಆ ಮೈಗೆ ಇನ್ನು ಹತ್ತು ಕಿಲೊ ಎಲ್ಲಿ ತುಂಬೀತು ಎಂದು ಅಂದಾಜು ಮಾಡಿ. ಅಪ್ಪ ಅಮ್ಮ ಗ್ಯಾಲರಿಯಲ್ಲಿ ಇದ್ದರೆ ಅವರ ಎತ್ತರ ನೋಡಿ, ಅಣ್ಣ ಬಂದಿದ್ದರೆ ಅವನ ಹೊಟ್ಟೆಯನ್ನೂ ನೋಡಿ.

ಆರನೆಯದೊಂದು ವಿಷಯವಿದೆ, ಅದಕ್ಕೆ ಯಂತ್ರವಿಲ್ಲ. ಹುಡುಗನ ಸ್ವಭಾವ. ಅವನು ಔಟಾಗಿ ಬಂದಾಗ ಹೆಲ್ಮೆಟ್ ಎಸೆಯುತ್ತಾನೋ ಇಡುತ್ತಾನೋ, ಸಹ ಆಟಗಾರ ತಪ್ಪು ಮಾಡಿದಾಗ ಮುಖ ಯಾವ ಕಡೆ ತಿರುಗಿಸುತ್ತಾನೆ, ಪಂದ್ಯ ಮುಗಿದ ಮೇಲೆ ಬ್ಯಾಗನ್ನು ತಾನೇ ಹೊರುತ್ತಾನೋ ಅಮ್ಮನ ಕೈಗೆ ಕೊಡುತ್ತಾನೋ. ನನ್ನ ಅಭಿಪ್ರಾಯದಲ್ಲಿ ಗಡಿಯಾರದ 4.3ಕ್ಕಿಂತ ಈ ಬ್ಯಾಗಿನ ವಿಷಯ ದೊಡ್ಡದು. ಆದರೆ ಫಾರಂನಲ್ಲಿ ಬ್ಯಾಗಿಗೆ ಕಾಲಂ ಇಲ್ಲ.

ಕಿವಿಯ ಬಳಕೆ

ಕಪ್ಪು ಆಟಗಾರರ ನೀಗ್ರೋ ಲೀಗ್‌ನಲ್ಲಿ ಕಾನ್ಸಸ್ ಸಿಟಿ ಮೊನಾರ್ಕ್ಸ್ ಪರ ಆಡಿ, ಅದನ್ನೇ ಮುನ್ನಡೆಸಿ, ಆಮೇಲೆ ಷಿಕಾಗೊ ಕಬ್ಸ್‌ಗೆ ಸ್ಕೌಟ್ ಆದ ಬಕ್ ಓನೀಲ್ ತಮ್ಮ ಕಿವಿಯ ಕಥೆಯನ್ನು ಜೀವನಪರ್ಯಂತ ಹೇಳಿದರು. ಹುಡುಗನಾಗಿದ್ದಾಗ ಫ್ಲಾರಿಡಾದಲ್ಲಿ ಬೇಲಿಯಾಚೆಯಿಂದ ಒಂದು ಸದ್ದು ಕೇಳಿ ಓಡಿಹೋಗಿ ನೋಡಿದರೆ ಬ್ಯಾಟ್ ಹಿಡಿದವನು ಬೇಬ್ ರೂತ್. ವರ್ಷಗಳ ನಂತರ ಅದೇ ಸದ್ದು ಕೇಳಿ ಅರ್ಧ ಬಟ್ಟೆಯಲ್ಲೇ ಹೊರಗೆ ಬಂದರೆ ಜಾಶ್ ಗಿಬ್ಸನ್. ಮತ್ತೆ ಸುಮಾರು ಐವತ್ತು ವರ್ಷ ಅದು ಕೇಳಲಿಲ್ಲ. 1986ರಲ್ಲಿ ಕಾನ್ಸಸ್ ಸಿಟಿಯಲ್ಲಿ ಕೇಳಿದಾಗ ಬ್ಯಾಟ್ ಮಾಡುತ್ತಿದ್ದವನು ಬೋ ಜಾಕ್ಸನ್. ಮೂರೇ ಸಲ. ನಿಮಗೆ ಮೊದಲ ವಾರದಲ್ಲೇ ಆ ಸದ್ದು ಕೇಳಿದಂತಾದರೆ ಅದು ಅಲ್ಯೂಮಿನಿಯಂ ಬ್ಯಾಟ್, ನಂಬಬೇಡಿ.

ಸಹಿ ಹಾಕಿಸುವುದು

ಈ ಭಾಗ 1965ಕ್ಕೆ ಮುಂಚಿನ ಮಾಡೆಲ್‌ಗಳಿಗೆ ಮಾತ್ರ ಅನ್ವಯ. ಆ ವರ್ಷದ ಜೂನ್‌ನಲ್ಲಿ ಡ್ರಾಫ್ಟ್ ಬಂತು. ಅಂದಿನ ನಿಯಮದಂತೆ ಸೋತ ತಂಡಕ್ಕೆ ಮೊದಲ ಸರದಿ, ಒಬ್ಬ ಹುಡುಗನನ್ನು ಒಂದೇ ತಂಡ ಆರಿಸಬಹುದು. ಅದಕ್ಕೂ ಹಿಂದೆ ಹುಡುಗನ ಮನೆಯ ಅಡುಗೆಮನೆಗೆ ಯಾರು ಮೊದಲು ಹೋಗಿ ಕೂರುತ್ತಾರೋ ಹುಡುಗ ಅವರ ಪಾಲಿಗೆ.

ಅಯೋವಾದ ವ್ಯಾನ್ ಮೀಟರ್ ಎಂಬ ಊರಿನ ಹೊಲದ ಮನೆಗೆ ಕ್ಲೀವ್‌ಲ್ಯಾಂಡ್ ತಂಡದ ಸೈ ಸ್ಲಾಪ್ನಿಕಾ ಹೋದದ್ದು ಹಾಗೆ. ಮೇಲೆ ಹೇಳಿದ ಬಾಬ್ ಫೆಲರ್ ಆಗ ಹೈಸ್ಕೂಲ್ ಹುಡುಗ. ಒಂದು ಡಾಲರ್ ಮತ್ತು ತಂಡದ ಆಟಗಾರರು ಸಹಿ ಮಾಡಿದ ಒಂದು ಚೆಂಡು, ಇಷ್ಟಕ್ಕೆ ಒಪ್ಪಂದ. 1936ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಮೊದಲ ಬಾರಿಗೆ ಪಂದ್ಯ ಶುರು ಮಾಡಿದ ದಿನ ಫೆಲರ್ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಆಮೇಲೆ ಹೈಸ್ಕೂಲ್ ಮುಗಿಸಲು ಊರಿಗೆ ಹೋದ. ಒಪ್ಪಂದ ನಿಯಮಕ್ಕೆ ವಿರುದ್ಧವಾಗಿತ್ತು. ಕಮಿಷನರ್ ಲ್ಯಾಂಡಿಸ್ ವಿಚಾರಣೆ ನಡೆಸಿದರು, ಹುಡುಗ ಮತ್ತು ಅಪ್ಪ ಇಬ್ಬರೂ ಕ್ಲೀವ್‌ಲ್ಯಾಂಡೇ ಬೇಕು ಎಂದು ಹಟ ಹಿಡಿದದ್ದರಿಂದ ಹೇಗೋ ಪಾರಾಯಿತು.

ಯಾಂಕೀಸ್ ತಂಡದ ಟಾಮ್ ಗ್ರೀನ್‌ವೇಡ್ 1949ರಲ್ಲಿ ಮಿಕಿ ಮ್ಯಾಂಟಲ್‌ನಿಂದ ಸಹಿ ಹಾಕಿಸಿದ್ದು ತಮ್ಮ ಕಾರಿನೊಳಗೆ, ಒಟ್ಟು 1,500 ಡಾಲರ್‌ಗೆ. ಹುಡುಗನ ಅಪ್ಪ ಒಕ್ಲಹೋಮಾದ ಸೀಸ ಮತ್ತು ಸತುವಿನ ಗಣಿಯಲ್ಲಿ ಕೆಲಸ ಮಾಡುವವರು. ಅವರೆದುರು ಗ್ರೀನ್‌ವೇಡ್ ಹುಡುಗನನ್ನು ಹೊಗಳಲಿಲ್ಲ. ಗಾತ್ರ ಸಾಲದು, ಆಟವೂ ಅಷ್ಟಕ್ಕಷ್ಟೇ ಎಂಬಂತೆ ಮಾತಾಡಿದರು. ಆಮೇಲೆ ಪತ್ರಿಕೆಗಳವರ ಹತ್ತಿರ ಮಾತ್ರ ಬಾಯಿತುಂಬ ಹೊಗಳಿದರು. ಸಹಿಗೆ ಮುಂಚೆ ಸಂಶಯ, ಸಹಿಯ ನಂತರ ದೂರದೃಷ್ಟಿ. ಕಲಿಯುವಂಥ ಕ್ರಮ, ಆದರೆ ಗಣಿಯಿಂದ ಬಂದ ಅಪ್ಪನ ಎದುರು ಹಾಗೆ ಆಡುವುದು ಅಷ್ಟೇನೂ ಚಂದದ ಕ್ರಮವಲ್ಲ.

ಅದೇ ಹುಡುಗನ ಹೆಸರನ್ನು ಹ್ಯೂ ಅಲೆಕ್ಸಾಂಡರ್ ಕೂಡ ಚೀಟಿಯಲ್ಲಿ ಬರೆದುಕೊಂಡಿದ್ದರು. ಈ ಅಲೆಕ್ಸಾಂಡರ್ ಸ್ವತಃ ಕ್ಲೀವ್‌ಲ್ಯಾಂಡ್ ಪರ ಆಡಿದವರು. 1937ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ತೈಲಬಾವಿಯ ಯಂತ್ರಕ್ಕೆ ಎಡಗೈ ಸಿಕ್ಕಿ ತುಂಡಾದ ಮೇಲೆ ಸ್ಕೌಟ್ ಆದರು. ಮ್ಯಾಂಟಲ್‌ನ ಶಾಲೆಗೆ ಹೋಗಿ ವಿಚಾರಿಸಿದಾಗ ಪ್ರಿನ್ಸಿಪಾಲ್ ಹೇಳಿದ್ದು: ನಮ್ಮಲ್ಲಿ ಬೇಸ್‌ಬಾಲ್ ತಂಡವೇ ಇಲ್ಲ, ಆ ಹುಡುಗನ ಕಾಲಿಗೆ ಫುಟ್‌ಬಾಲ್‌ನಲ್ಲಿ ಪೆಟ್ಟು ಬಿದ್ದು ಕಾಯಿಲೆಯಾಗಿದೆ. ಕಾಯಿಲೆಯ ಮಾತು ಸುಳ್ಳಲ್ಲ. ಅಲೆಕ್ಸಾಂಡರ್ ಕಾರಿನ ಹತ್ತಿರ ಬಂದು ಚೀಟಿಯನ್ನು ಬಿಸಾಡಿದರು, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ಅರವತ್ತು ವರ್ಷದ ವೃತ್ತಿಯಲ್ಲಿ ಎಷ್ಟೋ ಜನರನ್ನು ಹುಡುಕಿದರೂ ಅವರನ್ನು ಕಂಡವರು ಕೇಳುತ್ತಿದ್ದದ್ದು ಆ ಚೀಟಿಯ ಕಥೆಯನ್ನು. ಸೂಚನೆ: ಚೀಟಿ ಬಿಸಾಡಬೇಡಿ, ಜೇಬಿನಲ್ಲೇ ಕೊಳೆಯಲಿ.

ಕೋಣೆಯಲ್ಲಿ ಮಾತಾಡುವುದು

ಡ್ರಾಫ್ಟ್ ಬಂದ ಮೇಲೆ ಸ್ಕೌಟ್‌ನ ಕೆಲಸ ಮೈದಾನದಲ್ಲಿ ಅರ್ಧ, ಕೋಣೆಯಲ್ಲಿ ಅರ್ಧ. ಹುಡುಗನನ್ನು ನೀವು ನೋಡಿದ್ದೀರಿ. ಕ್ರಾಸ್‌ಚೆಕರ್ ಎಂಬ ಮೇಲಿನವರು ಒಮ್ಮೆ ಬಂದು, ಅವನು ಸರಿಯಾಗಿ ಆಡದ ದಿನವನ್ನೇ ನೋಡಿಕೊಂಡು ಹೋಗಿದ್ದಾರೆ. ಸ್ಕೌಟಿಂಗ್ ಡೈರೆಕ್ಟರ್‌ಗೆ ದೇಶದ ತುಂಬ ನೂರಾರು ಹೆಸರು. ಹಣದ ಲೆಕ್ಕ ನೋಡುವವರು ಹುಡುಗನನ್ನು ಕಂಡೇ ಇಲ್ಲ. ಕೋಣೆಯ ಗೋಡೆಯ ಮೇಲೆ ಹೆಸರುಗಳ ಪಟ್ಟಿ ಇದೆ, ನಿಮ್ಮ ಹುಡುಗ ಎಲ್ಲೋ ಕೆಳಗೆ ಇದ್ದಾನೆ. ಅವನನ್ನು ಮೇಲೆ ತರಲು ನಿಮ್ಮ ಹತ್ತಿರ ಇರುವುದು ಬಾಯಿ ಒಂದೇ.

ಹಾಲ್ ನ್ಯೂಹೌಸರ್ ಅವರ ಬಾಯಿಗೆ ತೂಕ ಇರಬೇಕಿತ್ತು. ಡೆಟ್ರಾಯಿಟ್ ಟೈಗರ್ಸ್‌ನ ಪಿಚರ್ ಆಗಿ 1944 ಮತ್ತು 1945, ಎರಡೂ ವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದವರು. ಎಪ್ಪತ್ತು ದಾಟಿದ ಮೇಲೂ ಹೂಸ್ಟನ್ ಆಸ್ಟ್ರೋಸ್‌ಗಾಗಿ ಮಿಚಿಗನ್‌ನ ಶಾಲಾ ಮೈದಾನಗಳನ್ನು ಸುತ್ತುತ್ತಿದ್ದರು. 1992ರ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಹೂಸ್ಟನ್‌ನದು. ಕಲಮಜೂ ಊರಿನ ಶಾರ್ಟ್‌ಸ್ಟಾಪ್ ಒಬ್ಬನನ್ನು ಬಿಡಲೇಬಾರದು ಎಂದು ನ್ಯೂಹೌಸರ್ ಪಟ್ಟು ಹಿಡಿದರು. ಹುಡುಗ ಕಾಲೇಜಿಗೆ ಹೋಗಿಬಿಡಬಹುದು, ತಡೆಯಬೇಕಾದರೆ ಬಹಳ ದುಡ್ಡು ಸುರಿಯಬೇಕು ಎಂದು ಮೇಲಿನವರಿಗೆ ಅಳುಕು. ಕ್ಯಾಲಿಫೋರ್ನಿಯಾದ ಕಾಲೇಜು ಆಟಗಾರ ಫಿಲ್ ನೆವಿನ್‌ನನ್ನು ಆರಿಸಿದರು. ಮುಂದಿನ ನಾಲ್ಕು ತಂಡಗಳೂ ಬೇರೆ ಹೆಸರು ಹೇಳಿದವು. ಆರನೆಯ ಸರದಿಯಲ್ಲಿ ಯಾಂಕೀಸ್ ಕೂಗಿದ ಹೆಸರು ಡೆರೆಕ್ ಜೀಟರ್. ಅವನ ಲೆಕ್ಕ ಕೊನೆಗೆ 3,465 ಹಿಟ್‌ಗಳಿಗೆ ನಿಂತಿತು. ನ್ಯೂಹೌಸರ್ ಆ ಎಲ್ಲ ಹಿಟ್‌ಗಳಿಗೆ ಕಾಯಲಿಲ್ಲ, ಡ್ರಾಫ್ಟ್ ಮುಗಿದ ಕೂಡಲೇ ಕೆಲಸ ಬಿಟ್ಟರು.

ನೆವಿನ್ ಕಳಪೆ ಆಟಗಾರನೇನಲ್ಲ, ಮೇಜರ್ ಲೀಗ್‌ನಲ್ಲಿ 208 ಹೋಮ್ ರನ್ ಹೊಡೆದ. ಹೂಸ್ಟನ್‌ನವರನ್ನು ಮೂರ್ಖರು ಎನ್ನಲು ಆ ದಿನ ಯಾವ ಆಧಾರವೂ ಇರಲಿಲ್ಲ. ತೊಂದರೆ ಇರುವುದೇ ಅಲ್ಲಿ. ಸ್ಕೌಟ್ ಸರಿ ಎಂದು ಗೊತ್ತಾಗಲು ಹತ್ತು ವರ್ಷ ಬೇಕು, ತೀರ್ಮಾನ ಆಗುವುದು ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷ ನೀವು ನೋಡಿದ್ದನ್ನು ನೋಡದವರಿಗೆ ಕಾಣಿಸಬೇಕು. ನೋಡುವುದು ಸುಖದ ಕೆಲಸ, ಸಂಬಳ ಬರುವುದು ಹೀಗೆ ಕಾಣಿಸುವುದಕ್ಕೂ. 1999ರಲ್ಲಿ ಟ್ಯಾಂಪಾ ಬೇ ತಂಡದ ಫರ್ನಾಂಡೊ ಅರಾಂಗೊ ಇದೇ ರೀತಿ ಆಲ್ಬರ್ಟ್ ಪುಹೋಲ್ಸ್‌ಗಾಗಿ ವಾದಿಸಿ ಸೋತರು. ಸೇಂಟ್ ಲೂಯಿಸ್ 13ನೇ ಸುತ್ತಿನಲ್ಲಿ ಅವನನ್ನು ತೆಗೆದುಕೊಂಡಿತು, ಅರಾಂಗೊ ರಾಜೀನಾಮೆ ಕೊಟ್ಟರು. ಪುಹೋಲ್ಸ್‌ನ ಹೋಮ್ ರನ್‌ಗಳು 703. ರಾಜೀನಾಮೆ ಪತ್ರದ ಒಂದು ನಕಲನ್ನು ಕಾರಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ದೋಷ ಮತ್ತು ಪರಿಹಾರ

ಹುಡುಗ ಎಲ್ಲ ರೀತಿಯಲ್ಲೂ ಪರಿಪೂರ್ಣನಾಗಿ ಕಾಣುತ್ತಿದ್ದಾನೆ: ಕೂಡಲೇ ಕಣ್ಣು ಒರೆಸಿಕೊಳ್ಳಿ. 1980ರಲ್ಲಿ ಸ್ಯಾನ್ ಡಿಯೆಗೊದ ಒಬ್ಬ ಹುಡುಗನಿಗೆ ಎತ್ತರ, ಓಟ, ತೋಳು, ಬಲ, ಮುಖ ಎಲ್ಲ ಇತ್ತು. ಮೆಟ್ಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಮೇಜರ್ ಲೀಗ್‌ನಲ್ಲಿ ಅವನ ಬ್ಯಾಟಿಂಗ್ ಸರಾಸರಿ .219ಕ್ಕೆ ನಿಂತುಹೋಯಿತು. ಆಟ ಬಿಟ್ಟು ಓಕ್ಲೆಂಡ್ ತಂಡದಲ್ಲಿ ಅವನು ಕೇಳಿ ಪಡೆದದ್ದು ಸ್ಕೌಟ್ ಕೆಲಸವನ್ನೇ. ಆಮೇಲೆ ಅದೇ ತಂಡದ ಮುಖ್ಯಸ್ಥನಾಗಿ, ಸ್ಕೌಟ್‌ಗಳ ಕಣ್ಣನ್ನು ನಂಬದೆ ಅಂಕಿಅಂಶ ನಂಬಿದ. ಅವನೇ ಬಿಲ್ಲಿ ಬೀನ್, ಮೈಕಲ್ ಲೂಯಿಸ್ 2003ರಲ್ಲಿ ಬರೆದ 'ಮನಿಬಾಲ್' ಪುಸ್ತಕದ ನಾಯಕ. ಸ್ಕೌಟ್‌ಗಳು ಅವನ ಬಗ್ಗೆ ಎಷ್ಟು ತಪ್ಪಿದ್ದರು ಎನ್ನುವುದಕ್ಕೆ ಅವನೇ ಪುರಾವೆ, ಅವನ ಹತ್ತಿರ ವಾದ ಮಾಡಿ ಗೆಲ್ಲುವುದು ಹೇಗೆ?

ಹುಡುಗ ಕುಳ್ಳ: ವೆನೆಜುವೆಲಾದ ಮರಕಾಯ್‌ನಲ್ಲಿ ಆಸ್ಟ್ರೋಸ್ ಆಯ್ಕೆ ಶಿಬಿರಕ್ಕೆ ಬಂದ ಹೊಸೆ ಅಲ್ಟುವೆಯನ್ನು ಮೊದಲ ದಿನ ವಾಪಸು ಕಳಿಸಿದರು. ತೀರ ಗಿಡ್ಡ, ವಯಸ್ಸಿನಲ್ಲೂ ಸುಳ್ಳು ಹೇಳುತ್ತಿರಬೇಕು ಅಂತ. ಅಪ್ಪನ ಒತ್ತಾಯಕ್ಕೆ ಮರುದಿನ ಜನನ ಪತ್ರ ಹಿಡಿದುಕೊಂಡು ಮತ್ತೆ ಬಂದ. 2007ರಲ್ಲಿ 15,000 ಡಾಲರ್‌ಗೆ ಒಪ್ಪಂದವಾಯಿತು. 5 ಅಡಿ 6 ಅಂಗುಲದ ಆ ಹುಡುಗ 2017ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ.

ಮೊದಲು ಬೇಡ ಎಂದವನೇ ಮತ್ತೆ ಎದುರು ನಿಂತಿದ್ದಾನೆ: ನಾಚಿಕೊಳ್ಳಬೇಡಿ. ಯಾಂಕೀಸ್‌ನ ಹರ್ಬ್ ರೇಬರ್ನ್ ಪನಾಮಾದಲ್ಲಿ ಒಬ್ಬ ಶಾರ್ಟ್‌ಸ್ಟಾಪ್‌ನನ್ನು 1988ರಲ್ಲಿ ನೋಡಿ ಸುಮ್ಮನಾಗಿದ್ದರು. ಎರಡು ವರ್ಷದ ಮೇಲೆ ಅದೇ ತೆಳ್ಳನೆಯ ಹುಡುಗ ಪಿಚರ್ ಆಗಿ ಬಂದ. ವೇಗ ಹೇಳಿಕೊಳ್ಳುವಂಥದ್ದಲ್ಲ, ಆದರೆ ತೋಳು ಶ್ರಮವೇ ಇಲ್ಲದಂತೆ ತಿರುಗುತ್ತಿತ್ತು. ರೇಬರ್ನ್ ತಮ್ಮ ಹಳೆಯ ಅಭಿಪ್ರಾಯವನ್ನು ಬದಿಗಿಟ್ಟು ಸಹಿ ಹಾಕಿಸಿದರು. ಮರಿಯಾನೊ ರಿವೆರಾ 652 ಸೇವ್‌ಗಳ ನಂತರ, 2019ರಲ್ಲಿ, ಒಂದೂ ವಿರೋಧ ಮತವಿಲ್ಲದೆ ಬೇಸ್‌ಬಾಲ್ ಖ್ಯಾತಿಭವನ (ಹಾಲ್ ಆಫ್ ಫೇಮ್) ಸೇರಿದ ಮೊದಲ ಆಟಗಾರನಾದ.

ನೀವು ಅಳೆಯಲು ಹೋದದ್ದನ್ನು ಅಳೆಯಲಾಗುತ್ತಿಲ್ಲ: ಇದಕ್ಕೆ ಬ್ರೂಕ್ಲಿನ್ ಡಾಜರ್ಸ್‌ನ ಸ್ಕೌಟ್ ಕ್ಲೈಡ್ ಸ್ಯೂಕ್‌ಫರ್ತ್ ಅವರ ಉದಾಹರಣೆ ನೋಡಿ, ಸ್ವಲ್ಪ ನಿಧಾನವಾಗಿ. 1945ರ ಆಗಸ್ಟ್‌ನಲ್ಲಿ ಬ್ರಾಂಚ್ ರಿಕಿ ಅವರನ್ನು ಷಿಕಾಗೊಗೆ ಕಳಿಸಿದರು. ಮೊನಾರ್ಕ್ಸ್ ತಂಡದ ಶಾರ್ಟ್‌ಸ್ಟಾಪ್ ಜಾಕಿ ರಾಬಿನ್ಸನ್‌ನ ತೋಳು ಎಷ್ಟು ಗಟ್ಟಿ ಎಂದು ನೋಡಿಕೊಂಡು ಬರಬೇಕಿತ್ತು. ಹೋದರೆ ರಾಬಿನ್ಸನ್ ಭುಜಕ್ಕೆ ಪೆಟ್ಟಾಗಿ ಆಡುತ್ತಲೇ ಇಲ್ಲ. ನಿಯಮದ ಪ್ರಕಾರ ಸ್ಕೌಟ್ ಖಾಲಿ ವರದಿ ಬರೆದು ಮುಂದಿನ ಊರಿಗೆ ಹೋಗಬೇಕು. ಸ್ಯೂಕ್‌ಫರ್ತ್ ಅವನ ಜೊತೆ ಮಾತಾಡಿದರು. ರಿಕಿ ನನ್ನ ತೋಳನ್ನು ಏಕೆ ನೋಡಬೇಕು ಎಂದು ಅವನು ಮತ್ತೆ ಮತ್ತೆ ಕೇಳಿದ. ಆ ಕೇಳುವ ರೀತಿಯಲ್ಲೇ ಅವರಿಗೆ ಏನೋ ಗೊತ್ತಾಗಿರಬೇಕು. ಹೇಗೂ ಆಡುತ್ತಿಲ್ಲವಲ್ಲ ಎಂದು ರೈಲು ಹತ್ತಿಸಿಕೊಂಡು ಬ್ರೂಕ್ಲಿನ್‌ಗೆ ಕರೆತಂದರು. ಎಸೆತದ ಅಂಕವೇ ಇಲ್ಲದ ವರದಿ ಅದು, ಬೇಸ್‌ಬಾಲ್ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ವರದಿ ಇಲ್ಲ. ಆಗಸ್ಟ್ 28ರಂದು ರಿಕಿಯ ಕಚೇರಿಯಲ್ಲಿ ಭೇಟಿಯಾಯಿತು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಮೇಜರ್ ಲೀಗ್‌ನ ಬಣ್ಣದ ಗೋಡೆ ದಾಟಿ ಮೈದಾನಕ್ಕಿಳಿದಾಗ ಡಾಜರ್ಸ್‌ನ ಮ್ಯಾನೇಜರ್ ಅಮಾನತಿನಲ್ಲಿದ್ದರು, ಅವರ ಜಾಗದಲ್ಲಿ ಆ ದಿನ ತಂಡ ನಡೆಸಿದವರು ಇದೇ ಸ್ಯೂಕ್‌ಫರ್ತ್.

ನೋಡಲು ಹೋದವನಿಗಿಂತ ಪಕ್ಕದವನು ಚೆನ್ನಾಗಿದ್ದಾನೆ: ಮತ್ತೆ ಸ್ಯೂಕ್‌ಫರ್ತ್. 1954ರಲ್ಲಿ, ಪಿಟ್ಸ್‌ಬರ್ಗ್‌ಗೆ ಕೆಲಸ ಮಾಡುತ್ತಿದ್ದಾಗ, ಜೋ ಬ್ಲ್ಯಾಕ್ ಎಂಬ ಪಿಚರ್‌ನನ್ನು ನೋಡಲು ಹೋಗಿ, ಅಭ್ಯಾಸದಲ್ಲಿ ಚೆಂಡು ಎಸೆಯುತ್ತಿದ್ದ ಪೋರ್ಟೊರಿಕೊದ ಹುಡುಗನೊಬ್ಬನ ಮೇಲೆ ಕಣ್ಣು ನೆಟ್ಟರು. ಡಾಜರ್ಸ್ ಆ ಹುಡುಗನನ್ನು ಕೆಳಗಿನ ತಂಡದಲ್ಲಿ ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟಿತ್ತು. ಪಿಟ್ಸ್‌ಬರ್ಗ್ 4,000 ಡಾಲರ್ ಕೊಟ್ಟು ರೊಬೆರ್ಟೊ ಕ್ಲೆಮೆಂಟೆಯನ್ನು ಎತ್ತಿಕೊಂಡಿತು.

ಯಾರೂ ಬೇಡವೆಂದವನನ್ನು ಮ್ಯಾನೇಜರ್ ತಮ್ಮ ಗೆಳೆಯನ ಮಗ ಎಂದು ಸೇರಿಸಿದ್ದಾರೆ: ನಗಬೇಡಿ. ಮೈಕ್ ಪಿಯಾಜ್ಜಾ 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ, ಹಾಗೇ ಬಂದವನು. ಅವನೂ ಈಗ ಖ್ಯಾತಿಭವನದಲ್ಲಿದ್ದಾನೆ. ಈ ದೋಷಕ್ಕೆ ಪರಿಹಾರವಿಲ್ಲ.

ಹೊರದೇಶದಲ್ಲಿ ಬಳಕೆ

ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾಗಳಲ್ಲಿ ಡ್ರಾಫ್ಟ್ ಇಲ್ಲ. ಅಲ್ಲಿ ಹದಿನಾರಕ್ಕೇ ಸಹಿ ಹಾಕಿಸಬಹುದು, ಹೀಗಾಗಿ ನೀವು ನೋಡುವುದು ಹದಿಮೂರು ಹದಿನಾಲ್ಕರ ಮಕ್ಕಳನ್ನು. ಇದನ್ನು ಬರೆಯುವಾಗ ತಮಾಷೆ ಬರುವುದಿಲ್ಲ, ಮುಂದೆ ಹೋಗೋಣ.

ಭಾರತದಲ್ಲೂ ಈ ಉಪಕರಣವನ್ನು ಒಮ್ಮೆ ಚಾಲೂ ಮಾಡಿ ನೋಡಿದ್ದಾರೆ. ಜೆ. ಬಿ. ಬರ್ನ್‌ಸ್ಟೀನ್ ಎಂಬ ಏಜೆಂಟ್, ಕ್ರಿಕೆಟ್ ದೇಶದಲ್ಲಿ ವೇಗದ ತೋಳು ಇಲ್ಲದೆ ಇರುತ್ತದೆಯೇ ಎಂದು ರಿಯಾಲಿಟಿ ಶೋ ಒಂದನ್ನು ಹೂಡಿದರು. ಜೊತೆಗೆ ಬಂದವರು ಎಪ್ಪತ್ತು ದಾಟಿದ ಹಿರಿಯ ಸ್ಕೌಟ್ ರೇ ಪಾಯ್ಟೆವಿಂಟ್. 2008ರಲ್ಲಿ ಗೆದ್ದವರು ಕ್ರಿಕೆಟಿಗರಲ್ಲ, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು: ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. (ಈ ರಿಂಕು, ಐಪಿಎಲ್‌ನಲ್ಲಿ ಸಿಕ್ಸರ್ ಹೊಡೆಯುವ ರಿಂಕು ಅಲ್ಲ.) ಬೌಲಿಂಗ್ ಮಾಡುವವನು ಮೊಣಕೈ ನೆಟ್ಟಗೆ ಇಟ್ಟುಕೊಂಡು ಬೆಳೆದಿರುತ್ತಾನೆ, ಬಗ್ಗಿಸಿ ಎಸೆ ಎಂದರೆ ಅವನಿಗೆ ಅದು ಅಪರಾಧ. ಬೇಸ್‌ಬಾಲ್ ಎಂದರೇನು ಎಂದೇ ಗೊತ್ತಿರದ ಇಬ್ಬರೂ ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕೆಳಗಿನ ತಂಡಗಳಿಗೆ ಸೇರಿದರು. ಮೇಜರ್ ಲೀಗ್ ತಲುಪಲಿಲ್ಲ. ದಿನೇಶ್ ಬೇಗ ವಾಪಸಾದ, ರಿಂಕು ಕೆಲವು ವರ್ಷ ಮೈನರ್ ಲೀಗ್‌ನಲ್ಲಿ ಆಡಿ, ಆಮೇಲೆ ಡಬ್ಲ್ಯೂಡಬ್ಲ್ಯೂಇಯಲ್ಲಿ ಕುಸ್ತಿಪಟುವಾದ. 2014ರಲ್ಲಿ ಸಿನಿಮಾ ಬಂತು, ಅದರಲ್ಲಿ ಸ್ಕೌಟ್ ಪಾತ್ರ ಅಲನ್ ಆರ್ಕಿನ್‌ರದು. ಕಣ್ಣು ಮುಚ್ಚಿ ಕೂತೇ ಚೆಂಡಿನ ವೇಗ ಹೇಳುವ ಮುದುಕ. ನಿಜವಾದ ಸ್ಕೌಟ್ ಕಣ್ಣು ಮುಚ್ಚಿದ್ದರೆ ಬಹುಶಃ ಹಿಂದಿನ ರಾತ್ರಿ ಕಾರು ಓಡಿಸಿದ್ದಾನೆ.

ಹಳೆಯ ಉಪಕರಣದ ವಿಲೇವಾರಿ

2015ರಲ್ಲಿ ಮೇಜರ್ ಲೀಗ್‌ನ ಎಲ್ಲ ಮೈದಾನಗಳಿಗೆ ಕ್ಯಾಮೆರಾ ಮತ್ತು ರಾಡಾರ್ ಬಂದವು. ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ಕೋನದಲ್ಲಿ ಹಾರಿತು, ಎಲ್ಲವೂ ಸಿಗುತ್ತವೆ. ಈಗ ಕಾಲೇಜು, ಹೈಸ್ಕೂಲ್ ಶಿಬಿರಗಳಲ್ಲೂ ಅಂಥ ಯಂತ್ರಗಳು ಬಂದಿವೆ. ಆಸ್ಟ್ರೋಸ್ 2017ರಲ್ಲಿ ತನ್ನ ಹಲವು ಸ್ಕೌಟ್‌ಗಳನ್ನು ಮನೆಗೆ ಕಳಿಸಿತು, ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಗೆದ್ದವರ ಪರವಾಗಿ ವಾದ ಅಲ್ಲಿಗೆ ಮುಗಿಯಿತು ಎನ್ನಬಹುದಿತ್ತು. ಆದರೆ ಆ ತಂಡ ಎದುರಾಳಿಗಳ ಸಂಜ್ಞೆಯನ್ನು ಕ್ಯಾಮೆರಾದಲ್ಲಿ ಕದ್ದು, ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸುತ್ತಿತ್ತು ಎಂದು ಆಮೇಲೆ ಹೊರಬಿತ್ತು. ಕ್ಯಾಮೆರಾ ಹುಡುಗನ ಬ್ಯಾಗನ್ನು ಯಾರು ಹೊತ್ತರು ಎಂದು ನೋಡುವುದಿಲ್ಲ ಎಂದು ಹಳಬರು ಹೇಳುತ್ತಾರೆ. ಕ್ಯಾಮೆರಾಕ್ಕೆ ಹೋಟೆಲ್ ಬಿಲ್ಲು ಇಲ್ಲ ಎಂದು ಮ್ಯಾನೇಜ್‌ಮೆಂಟ್‌ನವರು ಹೇಳುತ್ತಾರೆ. ಇಬ್ಬರ ಮಾತೂ ನಿಜ, ಎರಡನೆಯವರ ಕೈಯಲ್ಲಿ ಚೆಕ್‌ಬುಕ್ ಇದೆ.

ನಿವೃತ್ತಿಯ ನಂತರ ಕೂಪರ್ಸ್‌ಟೌನ್‌ನ ಖ್ಯಾತಿಭವನದಲ್ಲಿ ಫಲಕ ನಿರೀಕ್ಷಿಸಬೇಡಿ. ಬಕ್ ಓನೀಲ್ 2022ರಲ್ಲಿ ಸೇರಿದರು, ಆದರೆ ಅವರು ಆಟಗಾರ, ಮ್ಯಾನೇಜರ್, ಕೋಚ್ ಎಲ್ಲವೂ ಆಗಿದ್ದವರು. ಬರೀ ಸ್ಕೌಟ್ ಕೆಲಸಕ್ಕೆ ಅಲ್ಲಿ ಯಾರಿಗೂ ಫಲಕ ಸಿಕ್ಕಿಲ್ಲ. ನೀವು ಬರೆದ ವರದಿಗಳಿಗೆ ಮಾತ್ರ ಜಾಗವಿದೆ. 2013ರಲ್ಲಿ ಅಲ್ಲಿಯವರು ಹಳೆಯ ಸ್ಕೌಟಿಂಗ್ ವರದಿಗಳನ್ನು ಒಟ್ಟುಮಾಡಿ ಪ್ರದರ್ಶನಕ್ಕಿಟ್ಟರು, ಕೈಬರಹ, ಟೈಪ್ ಮಾಡಿದವು ಎಲ್ಲ. ಯಾರು ಬೇಕಾದರೂ ತೆಗೆದು ಓದಬಹುದು. ಮುಂದೆ ದೊಡ್ಡವನಾದ ಆಟಗಾರನ ಬಗ್ಗೆ ಯಾರು ಏನೆಂದು ಗೀಚಿದ್ದರು ಎನ್ನುವುದು ಸಹಿಯ ಸಮೇತ ಸಿಗುತ್ತದೆ. ಆದ್ದರಿಂದ ಹುಡುಗನ ಹೆಸರಿನ ಕಾಗುಣಿತವನ್ನು ಕೋಚ್ ಹತ್ತಿರ ಕೇಳಿಕೊಂಡೇ ಬರೆಯಿರಿ, ಎರಡನೇ ಕಾಲಂ ಅನ್ನು ಖಾಲಿ ಬಿಡಬೇಡಿ, ಕಾಫಿ ಲೋಟವನ್ನು ಫಾರಂ ಮೇಲೆ ಇಡಬೇಡಿ.